ಸ್ಪೇನನ್ನು ಒಳಗೆ ಬಿಟ್ಟ ಆರು ಮಂದಿ

ಆಳಂದದ ಕಡೆ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಯುರೋಪಿಯನ್ ಒಕ್ಕೂಟದ ಪಾಠ ಬಂದರೆ ಮೊದಲೆಲ್ಲ ನೋಟ್ಸ್ ಬರೆಸುತ್ತಿದ್ದೆ. ಒಕ್ಕೂಟಕ್ಕೆ ಸೇರಬೇಕಾದರೆ ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಮಾನವ ಹಕ್ಕು, ಅಲ್ಪಸಂಖ್ಯಾತರ ರಕ್ಷಣೆ ಇವಕ್ಕೆಲ್ಲ ಗಟ್ಟಿ ಸಂಸ್ಥೆಗಳಿರಬೇಕು. ಮಾರುಕಟ್ಟೆ ಆರ್ಥಿಕತೆ ಇರಬೇಕು. ಸದಸ್ಯತ್ವದ ಹೊಣೆ ಹೊರುವ ಶಕ್ತಿ ಇರಬೇಕು. ಇವು 1993ರಲ್ಲಿ ಕೋಪನ್‌ಹೇಗನ್‌ನಲ್ಲಿ ಹಾಕಿದ ಷರತ್ತುಗಳು. ಮಕ್ಕಳು ಬಾಯಿಪಾಠ ಮಾಡಿ ಬರೆದು ಬರುತ್ತಿದ್ದರು. ಒಬ್ಬರೂ ಒಂದು ಪ್ರಶ್ನೆ ಕೇಳುತ್ತಿರಲಿಲ್ಲ. ಅದೇ ನನ್ನನ್ನು ಕಾಡುತ್ತಿತ್ತು. ಜನರಿಗೆ ಮತದ ಹಕ್ಕಿಲ್ಲ ಅಂತ ಒಂದು ದೇಶವನ್ನು ನೆರೆಹೊರೆಯವರು ಬಾಗಿಲಲ್ಲೇ ನಿಲ್ಲಿಸುವುದು ಸಣ್ಣ ಸಂಗತಿಯಲ್ಲ ಅಲ್ವಾ?

ಒಂದು ವರ್ಷ ನೋಟ್ಸ್ ಪಕ್ಕಕ್ಕಿಟ್ಟೆ. ಕ್ಲಾಸಿನ ಬಾಗಿಲ ಹತ್ತಿರ ಒಂದು ಮೇಜು ಹಾಕಿ ಆರು ಮಂದಿಯನ್ನು ಕೂರಿಸಿದೆ. ಅವರೇ ಮೊದಲ ಆರು ಸದಸ್ಯರು: ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್. ಉಳಿದವರು ಸ್ಪೇನ್, ಗ್ರೀಸ್, ಸ್ಲೊವಾಕಿಯಾ ಆಗಿ ಹೊರಗೆ ವರಾಂಡದಲ್ಲಿ ನಿಂತರು. ಒಂದೊಂದು ಗುಂಪಿಗೆ ಒಂದೊಂದು ಹಾಳೆ ಕೊಟ್ಟೆ. ಆ ದೇಶ ಬಾಗಿಲು ತಟ್ಟಿದ ವರ್ಷದವರೆಗೆ ಗೊತ್ತಿದ್ದ ವಿಷಯ ಮಾತ್ರ ಅದರಲ್ಲಿತ್ತು.

ಮೊದಲು ಬಂದದ್ದು 1962ರ ಸ್ಪೇನ್. ಫ್ರಾಂಕೊನ ಸರ್ವಾಧಿಕಾರ, ಮುಕ್ತ ಚುನಾವಣೆ ಇಲ್ಲ, ವಿರೋಧ ಪಕ್ಷಕ್ಕೆ ಜಾಗವಿಲ್ಲ. ಇವತ್ತಿನ ಒಕ್ಕೂಟದ ಹಿಂದಿನ ರೂಪವಾದ ಯುರೋಪಿಯನ್ ಆರ್ಥಿಕ ಸಮುದಾಯವನ್ನು ಆ ಆರು ದೇಶಗಳು ಕಟ್ಟಿದ್ದು 1957ರ ರೋಮ್ ಒಪ್ಪಂದದಿಂದ; ಮೇಜಿನವರ ಕೈಯಲ್ಲಿ ಅದರ ಒಂದೇ ಒಂದು ಅಂಶ ಇತ್ತು. ಐದು ನಿಮಿಷ ಮಾತಾಡಿಕೊಂಡು ಆರೂ ಮಂದಿ ಸ್ಪೇನನ್ನು ಒಳಗೆ ಬಿಟ್ಟುಬಿಟ್ಟರು! ಹಿಂಗ್ಯಾಕೆ ಮಾಡಿದ್ರಿ ಅಂತ ಕೇಳಿದೆ. ಫ್ರಾನ್ಸ್ ಆಗಿದ್ದ ಹುಡುಗ ಹಾಳೆ ತೋರಿಸಿದ. "ಮೇಡಂ, ಇದರಾಗ ಪ್ರಜಾಪ್ರಭುತ್ವ ಅಂತ ಎಲ್ಲಿ ಅದರಿ? ಯುರೋಪಿನ ದೇಶ ಇದ್ರ ಅರ್ಜಿ ಹಾಕಬಹುದು ಅಂತ ಅಷ್ಟೇ ಅದ."

ಅವನು ಹೇಳಿದ್ದು ಸರಿ. ರೋಮ್ ಒಪ್ಪಂದದ ಆ ವಿಧಿಯಲ್ಲಿ ಯುರೋಪಿನ ಯಾವ ದೇಶವಾದರೂ ಅರ್ಜಿ ಹಾಕಬಹುದು ಅಂತ ಮಾತ್ರ ಇದೆ. ಅಷ್ಟು ವರ್ಷ ಪಾಠ ಮಾಡಿದರೂ ಷರತ್ತು ಮೊದಲಿಂದಲೇ ಕಾಗದದ ಮೇಲಿತ್ತು ಅಂತ ನಾನು ತಿಳಿದುಕೊಂಡಿದ್ದೆ. ಅದು ಬಂದದ್ದು ಬೇರೆ ದಾರಿಯಲ್ಲಿ. 1962ರ ಜನವರಿಯಲ್ಲಿ ಜರ್ಮನಿಯ ಸೋಷಿಯಲ್ ಡೆಮಾಕ್ರಟ್ ವಿಲ್ಲಿ ಬಿರ್ಕೆಲ್‌ಬಾಖ್ ಸಮುದಾಯದ ಸಂಸತ್ ಸಭೆಗೆ ಒಂದು ವರದಿ ಕೊಟ್ಟರು. ಜನರ ಒಪ್ಪಿಗೆಯಿಲ್ಲದೆ ಆಳುವ ಸರ್ಕಾರಕ್ಕೆ ಇಲ್ಲಿ ಜಾಗವಿಲ್ಲ ಅನ್ನುವುದು ಅದರ ತಿರುಳು. ಮುಂದಿನ ತಿಂಗಳೇ ಸ್ಪೇನಿನ ವಿದೇಶಾಂಗ ಮಂತ್ರಿ ಕಾಸ್ತಿಯೆಲ್ಲಾ ಮಾತುಕತೆಗೆ ಪತ್ರ ಬರೆದರು. ಪತ್ರ ತಲುಪಿದೆ ಅನ್ನುವುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲ. 1970ರಲ್ಲಿ ವ್ಯಾಪಾರ ಒಪ್ಪಂದ ಆಯಿತು, ಸದಸ್ಯತ್ವ ಮಾತ್ರ ಇಲ್ಲ. 1975ರಲ್ಲಿ ಫ್ರಾಂಕೊ ತೀರಿಕೊಂಡು, 1977ರ ಜೂನ್‌ನಲ್ಲಿ ಚುನಾವಣೆ ನಡೆದು, ಜುಲೈನಲ್ಲಿ ಸ್ಪೇನ್ ಅರ್ಜಿ ಹಾಕಿತು. ಒಳಗೆ ಬಂದದ್ದು 1986ರಲ್ಲಿ, ಪೋರ್ಚುಗಲ್ ಜೊತೆಗೆ.

ಬರೆದಿಲ್ಲದ ನಿಯಮವನ್ನು ಒಬ್ಬರು ಎದ್ದು ನಿಂತು ಹೇಳಿದ್ದಕ್ಕೆ ಅದು ನಿಯಮವಾಯಿತು. ಇಡೀ ಪಾಠದಲ್ಲಿ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಇದೇ.

ಗ್ರೀಸ್ ಬಂದಾಗ ಜಗಳ ಜೋರಾಯಿತು. ಅದಕ್ಕೆ 1961ರಲ್ಲೇ ಸಹಯೋಗ ಒಪ್ಪಂದ ಇತ್ತು. 1967ರ ಏಪ್ರಿಲ್‌ನಲ್ಲಿ ಸೇನಾಧಿಕಾರಿಗಳು ಅಧಿಕಾರ ಹಿಡಿದ ಮೇಲೆ ಸಮುದಾಯ ಆ ಒಪ್ಪಂದವನ್ನು ತಡೆಹಿಡಿಯಿತು. 1974ರಲ್ಲಿ ಸೇನಾ ಆಡಳಿತ ಬಿತ್ತು, ಚುನಾವಣೆ ನಡೆಯಿತು, ಮುಂದಿನ ವರ್ಷ ಅರ್ಜಿ ಬಂತು. ಆರ್ಥಿಕವಾಗಿ ಇನ್ನೂ ತಯಾರಿಲ್ಲ, ಸ್ವಲ್ಪ ಕಾಯಲಿ ಅಂತ 1976ರ ಜನವರಿಯಲ್ಲಿ, ಅರ್ಜಿ ನೋಡಿ ಸಲಹೆ ಕೊಡುವ ಯುರೋಪಿಯನ್ ಆಯೋಗ ಹೇಳಿತು. ಸದಸ್ಯ ದೇಶಗಳ ಮಂತ್ರಿಗಳು ಆ ಮಾತನ್ನು ಬದಿಗಿಟ್ಟು ಮಾತುಕತೆಗೆ ಒಪ್ಪಿದರು. ಹೊಸದಾಗಿ ಬಂದ ಪ್ರಜಾಪ್ರಭುತ್ವ ನಿಲ್ಲಬೇಕಾದರೆ ಆಸರೆ ಬೇಕು ಅನ್ನುವ ಯೋಚನೆ. 1981ರಲ್ಲಿ ಗ್ರೀಸ್ ಸೇರಿತು.

ಆಗ ಗ್ರೀಸ್ ಗುಂಪಿನ ಒಬ್ಬ ಹುಡುಗಿ ಕೇಳಿದಳು: "ನಮ್ದೂ ಹಿಂಗೇ ಆಗಿತ್ತಲ್ರಿ ಮೇಡಂ?" ಕಲಬುರಗಿ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಲ್ಲಿ ಭಾರತಕ್ಕೆ ಕೂಡಿದ್ದು ಮೊದಲು. ವಯಸ್ಕರೆಲ್ಲ ಮತ ಹಾಕಿದ್ದು ಆಮೇಲೆ, ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ. ಒಂದು ಸಂಸ್ಥಾನ ದೇಶದೊಳಗೆ ಸೇರುವುದು ಬೇರೆ, ಸ್ವತಂತ್ರ ದೇಶಗಳು ಒಕ್ಕೂಟ ಕಟ್ಟುವುದು ಬೇರೆ ಅಂತ ಬಿಡಿಸಿ ಹೇಳಿದೆ. ಆದರೂ ಪ್ರಶ್ನೆ ಒಳ್ಳೆಯದಿತ್ತು. ಮನೆಯ ಹಿರಿಯರನ್ನು ಕೇಳಿ ಬನ್ನಿ ಅಂದೆ. ಮರುದಿನ ಒಬ್ಬಳು ಹೇಳಿದಳು: ಅವಳ ಮುತ್ತಜ್ಜಿಗೆ ಓದು ಬರುತ್ತಿರಲಿಲ್ಲ, ಗುರುತಿನ ಚಿತ್ರ ಅಂಟಿಸಿದ್ದ ಡಬ್ಬಿ ನೋಡಿ ಚೀಟಿ ಹಾಕಿದ್ದಳಂತೆ. ಇಡೀ ಕ್ಲಾಸ್ ಸುಮ್ನೆ ಕೂತು ಕೇಳಿತು.

ಸ್ಲೊವಾಕಿಯಾ ಬೇಗ ಮುಗಿಯಿತು. 1997ರಲ್ಲಿ ಮಧ್ಯ ಮತ್ತು ಪೂರ್ವ ಯುರೋಪಿನ ಹತ್ತು ದೇಶಗಳ ಅರ್ಜಿ ನೋಡಿದ ಆಯೋಗ, ರಾಜಕೀಯ ಷರತ್ತಿನಲ್ಲಿ ತಪ್ಪಿದ್ದು ಇದೊಂದೇ ಅಂದಿತು. ಮರುವರ್ಷ ಅಲ್ಲಿನ ಚುನಾವಣೆಯ ನಂತರ ಪ್ರಧಾನಿ ಮೆಚಿಯಾರ್ ಸರ್ಕಾರ ಹೋಯಿತು. 2004ರಲ್ಲಿ ದೇಶ ಸೇರಿತು.

ಆ ಗುಂಪಿನ ಹುಡುಗ ಒಳಗೆ ಬಂದು ಬೆಂಚಿನ ಮೇಲೆ ಕೂತವನೇ ಕೇಳಿದ: "ಒಳಗ ಬಂದ ಮ್ಯಾಲ ಯಾರು ಕೇಳ್ತಾರ್ರಿ?"

ಇದಕ್ಕೆ ಬಾಯಲ್ಲಿ ಉತ್ತರ ಕೊಡದೆ ಮಾಡಿ ತೋರಿಸಿದೆ. ಈಗ ಒಕ್ಕೂಟದಲ್ಲಿ 27 ದೇಶ. ಅವನನ್ನು ಕೂರಿಸಿ ಉಳಿದ 26 ಮಂದಿಯನ್ನು ನಿಲ್ಲಿಸಿದೆ. ಒಕ್ಕೂಟದ ಒಪ್ಪಂದದ ಏಳನೇ ವಿಧಿಯ ಪ್ರಕಾರ ತಪ್ಪು ಮಾಡಿದ ಸದಸ್ಯನ ಮತದ ಹಕ್ಕನ್ನು ತಡೆಯಬಹುದು. ಆದರೆ ಅವನು ಗಂಭೀರವಾಗಿ, ಪದೇ ಪದೇ ತಪ್ಪಿದ್ದಾನೆ ಅಂತ ತೀರ್ಮಾನಿಸಲು ಉಳಿದ ಎಲ್ಲರೂ ಕೈ ಎತ್ತಬೇಕು. ಕೈ ಎತ್ತಬೇಡ ಅಂತ ಒಬ್ಬಳಿಗೆ ಮೊದಲೇ ಹೇಳಿಟ್ಟಿದ್ದೆ. 25 ಕೈ ಮೇಲೆ ಹೋದವು, ಕೆಲಸ ಅಲ್ಲೇ ನಿಂತಿತು. ಹೊರಗೆ ಹಾಕಿ ಅಂತ ಯಾರೋ ಕೂಗಿದರು. ಒಪ್ಪಂದದಲ್ಲಿ ಹೊರಹಾಕುವ ದಾರಿಯೇ ಇಲ್ಲ. ಪೋಲೆಂಡ್ ಮೇಲೆ 2017ರಲ್ಲಿ, ಹಂಗೇರಿ ಮೇಲೆ 2018ರಲ್ಲಿ ಈ ವಿಧಿಯ ಕ್ರಮ ಶುರುವಾಯಿತು. ಪೋಲೆಂಡಿನದು ಮತ ತಡೆಯುವ ಹಂತ ಮುಟ್ಟದೆ 2024ರಲ್ಲಿ ಮುಗಿಯಿತು. ಎರಡನೇ ಸಲ ಹಣದ ಪ್ರಶ್ನೆ ಇಟ್ಟೆ: ತಪ್ಪಿದ ಸದಸ್ಯನಿಗೆ ಒಕ್ಕೂಟದಿಂದ ಹೋಗುವ ಹಣ ತಡೆಯಬೇಕೇ? ಅದಕ್ಕೆ ಎಲ್ಲರ ಒಪ್ಪಿಗೆ ಬೇಡ, ದೊಡ್ಡ ಬಹುಮತ ಸಾಕು. ಅದೇ 25 ಕೈಗಳಿಂದ ಈ ಸಲ ತೀರ್ಮಾನ ಆಯಿತು. 2022ರ ಡಿಸೆಂಬರ್‌ನಲ್ಲಿ ಹಂಗೇರಿಗೆ ಹೋಗಬೇಕಿದ್ದ ಸುಮಾರು 6.3 ಬಿಲಿಯನ್ ಯೂರೋ ತಡೆದದ್ದು ಈ ದಾರಿಯಲ್ಲೇ.

ನಿಮ್ಮ ಕ್ಲಾಸಿನಲ್ಲಿ ಮಾಡುವುದಾದರೆ ಮೂರು ಪೀರಿಯಡ್ ಇಟ್ಟುಕೊಳ್ಳಿ. 1993ರ ಷರತ್ತುಗಳ ಹಾಳೆ ಮೊದಲೇ ಕೊಡಬೇಡಿ. ಸ್ಪೇನ್ ಒಳಗೆ ಬರಲಿ ಬಿಡಿ, ಆಮೇಲೆ ಕೊಡಿ.