ದೋಷ ಹುಟ್ಟಿದ್ದು ಎಲ್ಲಿ, ಕಂಡದ್ದು ಎಲ್ಲಿ: ಅಸಿಂಕ್ ಪೈಥಾನ್ ಡೀಬಗ್ ಮಾಡುವುದು

ಬೆಳಗಾವಿಯ ಆಲೂಗಡ್ಡೆ, ಬಾಗಲಕೋಟೆಯ ಉಳ್ಳಾಗಡ್ಡಿ, ವಿಜಯಪುರದ ಒಣದ್ರಾಕ್ಷಿ. ಮೂರೂ ಎಪಿಎಂಸಿಗಳ ಧಾರಣೆಯನ್ನು ಏಕಕಾಲಕ್ಕೆ ತರುವ ಸ್ಕ್ರಿಪ್ಟ್ ಒಂದಿದೆ ಎನ್ನಿ. ಹಲವು ಕೆಲಸಗಳನ್ನು ಒಟ್ಟೊಟ್ಟಿಗೆ ನಡೆಸುವ ಪೈಥಾನ್ ಲೈಬ್ರರಿ ಅಸಿಂಕ್‌ಐಒ ಬಳಸಿ ಊರಿಗೊಂದು ಕ್ರಿಯೇಟ್_ಟಾಸ್ಕ್, ಅಂದರೆ ಹಿನ್ನೆಲೆಯಲ್ಲಿ ಓಡುವ ಒಂದೊಂದು ಕೆಲಸ (ಟಾಸ್ಕ್). ದ್ರಾಕ್ಷಿ ದರ ‘12,500’ ಎಂದು ಅಲ್ಪವಿರಾಮದ ಸಮೇತ ಬಂತು, ಪಠ್ಯವನ್ನು ದಶಮಾಂಶ ಸಂಖ್ಯೆಯಾಗಿಸುವ ಫ್ಲೋಟ್ ಅದನ್ನು ಒಪ್ಪದೆ ವ್ಯಾಲ್ಯೂಎರರ್ ಎಂಬ ಎಕ್ಸೆಪ್ಶನ್ (ದೋಷ ಸೂಚನೆ) ಎಬ್ಬಿಸಿತು. ಸ್ಕ್ರಿಪ್ಟ್ ಮಾತ್ರ ನಿಲ್ಲಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಲಾಗ್‌ನಲ್ಲಿ ‘ಟಾಸ್ಕ್ ಎಕ್ಸೆಪ್ಶನ್ ವಾಸ್ ನೆವರ್ ರಿಟ್ರೀವ್ಡ್’ ಎಂಬ ಸಾಲು ಬಿತ್ತು.

ಆ ಸಾಲಿನ ಸಮಯ ನೋಡಿ ದೋಷ ಹುಡುಕಲು ಹೋಗಬೇಡಿ. ಟಾಸ್ಕನ್ನು ಯಾರೂ ಅವೈಟ್ ಮಾಡದಿದ್ದರೆ (ಫಲಿತಾಂಶಕ್ಕೆ ಕಾಯದಿದ್ದರೆ) ಎಕ್ಸೆಪ್ಶನ್ ಅದರೊಳಗೇ ಕೂತಿರುತ್ತದೆ. ಮೆಮೊರಿಯಿಂದ ಟಾಸ್ಕ್ ತೆರವಾಗುವಾಗಷ್ಟೇ ಪೈಥಾನ್ ಬಾಯಿ ಬಿಡುತ್ತದೆ. ಟಾಸ್ಕ್‌ಗಳನ್ನು ಒಂದು ಲಿಸ್ಟ್‌ನಲ್ಲಿ ಹಾಕಿಟ್ಟಿದ್ದರಂತೂ ಪ್ರೋಗ್ರಾಂ ಮುಗಿಯುವವರೆಗೂ ಸುಳಿವು ಸಿಗದೆ ಇರಬಹುದು.

ದೋಷದ ಜಾಡು ತೋರಿಸುವ ಟ್ರೇಸ್‌ಬ್ಯಾಕ್‌ನ ಕೊನೆಯ ಕೋಡ್ ಸಾಲು ಫ್ಲೋಟ್ ಎಡವಿದ ಜಾಗ ತೋರಿಸುತ್ತದೆ, ಟಾಸ್ಕನ್ನು ಹುಟ್ಟಿಸಿದವರು ಯಾರೆಂದು ಹೇಳುವುದಿಲ್ಲ. ಅದಕ್ಕೆ ಅಸಿಂಕ್‌ಐಒ ರನ್ನಿಗೆ ‘ಡೀಬಗ್=ಟ್ರೂ’ ಕೊಡಿ. ಈಗ ಟಾಸ್ಕ್ ಎಲ್ಲಿ ಸೃಷ್ಟಿಯಾಯಿತೆಂಬ ಸಾಲುಗಳೂ ಅಚ್ಚಾಗುತ್ತವೆ. 100 ಮಿಲಿಸೆಕೆಂಡ್‌ಗಿಂತ ಹೆಚ್ಚು ಹೊತ್ತು ಲೂಪನ್ನು (ಟಾಸ್ಕ್‌ಗಳನ್ನು ಸರದಿಯಂತೆ ಓಡಿಸುವ ಸುತ್ತು) ತಡೆದ ಕೋಡ್ ಕೂಡ ಸಿಕ್ಕಿಬೀಳುತ್ತದೆ. ಟಾಸ್ಕ್‌ಗೆ ‘ನೇಮ್’ ಕೊಡುವುದನ್ನು ಮರೆಯಬೇಡಿ. ಲಾಗ್‌ನಲ್ಲಿ ‘ಟಾಸ್ಕ್-7’ ಎಂದಿದ್ದರೆ ಯಾವ ಊರೆಂದು ತಿಳಿಯುವುದು ಹೇಗೆ?

‘ಕೊರೂಟೀನ್ ವಾಸ್ ನೆವರ್ ಅವೈಟೆಡ್’ ಎಂದು ಬಂದರೆ (ಅಸಿಂಕ್ ಫಂಕ್ಷನ್ ಕರೆದಾಗ ಸಿಗುವುದೇ ಕೊರೂಟೀನ್) ತಲೆಕೆಡಿಸಿಕೊಳ್ಳಬೇಕಿಲ್ಲ, ಎಲ್ಲೋ ಅವೈಟ್ ಬಿಟ್ಟುಹೋಗಿದೆ.

ನಿಜವಾದ ಮೋಸ ಹಲವು ಟಾಸ್ಕ್‌ಗಳಿಗೆ ಒಟ್ಟಿಗೆ ಕಾಯುವ ಗ್ಯಾದರ್‌ನದು. ವಿಜಯಪುರದ ಟಾಸ್ಕ್ ಮೊದಲು ಬಿದ್ದರೆ ಆ ಎಕ್ಸೆಪ್ಶನ್ ಮಾತ್ರ ನಿಮ್ಮ ಕೈಗೆ ಬರುತ್ತದೆ. ಉಳಿದೆರಡು ಓಡುತ್ತಲೇ ಇರುತ್ತವೆ; ಆಮೇಲೆ ಬಾಗಲಕೋಟೆಯೂ ಬಿದ್ದರೆ ಲಾಗ್‌ನಲ್ಲೂ ಸದ್ದಿಲ್ಲ. ‘ರಿಟರ್ನ್_ಎಕ್ಸೆಪ್ಶನ್ಸ್=ಟ್ರೂ’ ಕೊಟ್ಟರೆ ದೋಷಗಳು ದರಗಳ ಜೊತೆಗೇ ಒಂದೇ ಲಿಸ್ಟ್‌ನಲ್ಲಿ ಬರುತ್ತವೆ, ಒಂದೊಂದನ್ನೂ ಐಎಸ್‌ಇನ್‌ಸ್ಟೆನ್ಸ್‌ನಿಂದ ಪರೀಕ್ಷಿಸಲೇಬೇಕು. ಪೈಥಾನ್ 3.11 ಅಥವಾ ಮುಂದಿನದು ಇದ್ದರೆ ಟಾಸ್ಕ್‌ಗ್ರೂಪ್ ಲೇಸು: ಒಂದು ಬಿದ್ದೊಡನೆ ಉಳಿದವು ರದ್ದಾಗುತ್ತವೆ, ಎದ್ದ ದೋಷಗಳೆಲ್ಲ ಎಕ್ಸೆಪ್ಶನ್‌ಗ್ರೂಪ್ ಆಗಿ ಬರುತ್ತವೆ, ‘ಎಕ್ಸೆಪ್ಟ್’ ಪದದ ನಂತರ ನಕ್ಷತ್ರ (*) ಹಾಕಿ ಹಿಡಿಯಬಹುದು.

ರದ್ದು ಮಾಡಿದರೂ ಟಾಸ್ಕ್ ನಿಲ್ಲುತ್ತಿಲ್ಲವೇ? ಬರೀ ‘ಎಕ್ಸೆಪ್ಟ್:’ ಎಂದು ಬರೆದ ಜಾಗ ಹುಡುಕಿ. ಟಾಸ್ಕ್ ರದ್ದಾದಾಗ ಏಳುವ ಕ್ಯಾನ್ಸಲ್ಡ್‌ಎರರ್ ಪೈಥಾನ್ 3.8ರಿಂದ ಬೇಸ್‌ಎಕ್ಸೆಪ್ಶನ್‌ನ ನೇರ ಕೆಳಗಿದೆ. ‘ಎಕ್ಸೆಪ್ಟ್ ಎಕ್ಸೆಪ್ಶನ್’ ಅದನ್ನು ಮುಟ್ಟುವುದಿಲ್ಲ, ಬರೀ ‘ಎಕ್ಸೆಪ್ಟ್:’ ನುಂಗಿಬಿಡುತ್ತದೆ. ಅದನ್ನು ಹಿಡಿಯಲೇಬೇಕಿದ್ದರೆ, ತೆರೆದ ಕನೆಕ್ಷನ್ ಮುಚ್ಚಿ, ಕೊನೆಗೆ ‘ರೇಸ್’ (ಅದನ್ನು ಮತ್ತೆ ಎಬ್ಬಿಸುವ ಆದೇಶ) ಬರೆಯಿರಿ.