ಮಾಲಿನ್ಯ ಇರುವ ಜಾಗ ಕೊಂಡೆ, ಹಳೆಯ ಹೊಣೆ ಹೊತ್ತುಕೊಳ್ಳಲಿಲ್ಲ

ಮಿಷಿಗನ್‌ನಲ್ಲಿ ನಾನು ಕೊಂಡ ಕಟ್ಟಡದಲ್ಲಿ ಮೊದಲು ಡ್ರೈಕ್ಲೀನಿಂಗ್ ಅಂಗಡಿ ಇತ್ತು. ಅಲ್ಲಿ ಬಳಸುತ್ತಿದ್ದ ಪರ್ಕ್ ಎಂಬ ದ್ರಾವಕ ಕಾಂಕ್ರೀಟ್ ನೆಲದಿಂದಲೂ ಇಳಿದು ಅಂತರ್ಜಲ ಸೇರುತ್ತದೆ. ಆವಿಯಾಗಿ ಮತ್ತೆ ಕಟ್ಟಡದೊಳಕ್ಕೇ ಬರುತ್ತದೆ. ಅಮೆರಿಕದ 1980ರ ಸೂಪರ್‌ಫಂಡ್ ಕಾನೂನಿನಲ್ಲಿ, ಚೆಲ್ಲಿದವರು ಯಾರೇ ಇರಲಿ, ಶುದ್ಧ ಮಾಡುವ ಖರ್ಚಿಗೆ ಈಗಿನ ಮಾಲೀಕನನ್ನೂ ಹಿಡಿಯಬಹುದು. 2002ರ ತಿದ್ದುಪಡಿ ಇದಕ್ಕೊಂದು ದಾರಿ ಮಾಡಿಕೊಟ್ಟಿತು. ಆ ವರ್ಷದ ಜನವರಿ 11ರ ನಂತರ ಕೊಂಡವರು, ಮಾಲಿನ್ಯ ಇದೆ ಅಂತ ಗೊತ್ತಿದ್ದೇ ಕೊಂಡರೂ, ರಕ್ಷಣೆ ಪಡೆಯಬಹುದು. ಆದರೆ ವಿಚಾರಣೆ ಮಾಡಿಸಿಯೇ ಕೊಂಡಿರಬೇಕು.

ಆ ವಿಚಾರಣೆಯೇ ಫೇಸ್ ಒನ್ ವರದಿ. ಹಳೆಯ ನಕ್ಷೆ, ಸರ್ಕಾರಿ ಕಡತ, ಜಾಗದ ತಪಾಸಣೆ, ಹಳೆಯ ಮಾಲೀಕರ ಜೊತೆ ಮಾತುಕತೆ ಎಲ್ಲ ಇದರಲ್ಲಿ ಬರುತ್ತದೆ. ಕಡತ ಪರಿಶೀಲನೆ, ತಪಾಸಣೆ, ಸಂದರ್ಶನ ಮುಂತಾದವು ಕೊಳ್ಳುವ ದಿನಕ್ಕೆ 180 ದಿನಕ್ಕಿಂತ ಹಳೆಯದಾಗಿರಬಾರದು. ವರದಿಯ ಮೇಲಿನ ತಾರೀಖು ಲೆಕ್ಕಕ್ಕಿಲ್ಲ, ಒಂದೊಂದು ಕೆಲಸ ನಡೆದ ತಾರೀಖು ಮುಖ್ಯ. ಬ್ಯಾಂಕ್ ಸಾಲ ತಡವಾದಾಗ ಆ ಭಾಗಗಳನ್ನು ಮತ್ತೆ ಮಾಡಿಸಿದೆ.

ಮಿಷಿಗನ್ ರಾಜ್ಯದ ರಕ್ಷಣೆ ಬೇರೆ. ಅದಕ್ಕೆ ಬಿಇಎ (ಬೇಸ್‌ಲೈನ್ ಎನ್ವಿರಾನ್‌ಮೆಂಟಲ್ ಅಸೆಸ್‌ಮೆಂಟ್), ಅಂದರೆ ಕೊಳ್ಳುವಾಗಲೇ ಜಾಗದಲ್ಲಿದ್ದ ಮಾಲಿನ್ಯವನ್ನು ದಾಖಲಿಸುವ ವರದಿ ಬೇಕು. ಜಾಗ ಕೊಂಡ ಅಥವಾ ಒಳಗೆ ಬಂದ ದಿನ, ಯಾವುದು ಮೊದಲೋ ಅಲ್ಲಿಂದ 45 ದಿನದೊಳಗೆ ವರದಿ ಮುಗಿಯಬೇಕು, ಆರು ತಿಂಗಳೊಳಗೆ ರಾಜ್ಯದ ಪರಿಸರ ಇಲಾಖೆಗೆ ಸಲ್ಲಬೇಕು. "45 ದಿನ ಇದೆಯಲ್ಲ, ಈಗಲೇ ಯಾಕೆ ಅವಸರ?" ಅಂತ ಗೆಳೆಯರೊಬ್ಬರು ಕೇಳಿದರು. ಆ ಸಮಯ ಕೊಡುವುದು ರಾಜ್ಯ ಮಾತ್ರ. ಕೇಂದ್ರದ ಕಾನೂನಿನಲ್ಲಿ ರಿಜಿಸ್ಟರ್ ಆದ ಮೇಲೆ ಒಂದು ದಿನವೂ ಇಲ್ಲ. ಹಾಗಾಗಿ ಎರಡನ್ನೂ ಮೊದಲೇ ಮಾಡಿಸಿದೆ.

ಬಿಇಎಗೆ ಅರ್ಹತೆ ಸಿಗಬೇಕಾದರೆ ಜಾಗ ಕೆಟ್ಟಿದೆ ಅಂತ ಅಂಕಿ ಸಮೇತ ತೋರಿಸಬೇಕು. ಬರೀ ಅನುಮಾನ ಸಾಲದು. ಮಣ್ಣಿನಲ್ಲೋ ನೀರಿನಲ್ಲೋ ಒಂದು ಮಾದರಿಯಾದರೂ ವಸತಿ ಮಿತಿಯನ್ನು, ಅಂದರೆ ಜನ ವಾಸಿಸುವ ಜಾಗಕ್ಕೆ ರಾಜ್ಯ ಹಾಕಿದ ಮಿತಿಯನ್ನು, ದಾಟಿರಬೇಕು. ಕುಡಿಯುವ ನೀರಿನಲ್ಲಿ ಪರ್ಕ್‌ನ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಮಣ್ಣು, ನೀರು ಎರಡರ ಮಾದರಿಗಳೂ ಮಿತಿಯೊಳಗೇ ಇದ್ದಿದ್ದರೆ ನನಗೆ ಬಿಇಎ ಇಲ್ಲ. ಮುಂದೊಂದು ದಿನ ಇನ್ನೊಂದು ಮೂಲೆಯಲ್ಲಿ ಜಾಸ್ತಿ ಸಿಕ್ಕರೆ ಗಡುವು ದಾಟಿರುತ್ತದೆ. ಅದಕ್ಕೇ ಮಾದರಿ ತೆಗೆಯಲು ಕೊರೆಯುವ ಜಾಗದ ಬಗ್ಗೆ ನಾನು ಪಟ್ಟು ಹಿಡಿದೆ: ಯಂತ್ರ ಇದ್ದ ಕಡೆ, ಹಿಂಬಾಗಿಲ ಹತ್ತಿರ, ಒಳಚರಂಡಿ ಪೈಪಿನ ಪಕ್ಕ. ನೀರಿನ ಮಾದರಿ ಮಿತಿ ದಾಟಿತ್ತು. ಮಾದರಿಗಳ ಖರ್ಚಿನಲ್ಲಿ ದಯವಿಟ್ಟು ಜುಗ್ಗತನ ಮಾಡಬೇಡಿ.

ಹಳೆಯ ಪೆಟ್ರೋಲ್ ಬಂಕ್ ಕೊಳ್ಳುವವರು ಗಮನಿಸಿ: ಪೆಟ್ರೋಲಿಯಂ ಸೂಪರ್‌ಫಂಡ್ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ರಾಜ್ಯದ ನಿಯಮವೇ ಮುಖ್ಯ.

ಕಾಗದ ಸಲ್ಲಿಸಿದ ಮೇಲೂ ಎಚ್ಚರಿಕೆಯ ಕೆಲಸ ನಮ್ಮದೇ. ನೆಲದಡಿಯ ಆವಿ ಹೊರಗೆಳೆಯುವ ಫ್ಯಾನ್ ಹಾಕಿಸಿ, ಅದರ ಮಾಪಕ ನೋಡಿ ಬರೆದಿಡುತ್ತೇನೆ. ಬಾಡಿಗೆದಾರರು ನೆಲ ಕೊರೆಯುವ ಮೊದಲು ನನ್ನನ್ನು ಕೇಳಬೇಕು ಅಂತ ಕರಾರಿನಲ್ಲೇ ಬರೆಸಿದ್ದೇನೆ. ಮುಂದೆ ಈ ಕಟ್ಟಡ ಮಾರಿದರೆ ಕೊಳ್ಳುವವರಿಗೆ ಮಾಲಿನ್ಯದ ವಿಷಯ ಲಿಖಿತವಾಗಿ ತಿಳಿಸಬೇಕು. ಅವರ ರಕ್ಷಣೆಗೆ ಅವರದೇ ಬಿಇಎ ಬೇಕು.