ಸ್ನಾನದ ನೀರಿಗೆ ಹೀಟ್ ಪಂಪ್: ಗೀಸರ್, ಗ್ಯಾಸ್, ಕಟ್ಟಿಗೆಯ ಖರ್ಚಿನೊಡನೆ ತಾಳೆ ಹಾಕುವ ಬಗೆ

ಕಲಬುರಗಿಯ ಮನೆಗಳಲ್ಲಿ ಕೋಣೆಯನ್ನು ಬೆಚ್ಚಗಿಡುವ ಅಗತ್ಯ ಬರುವುದು ಅಪರೂಪ. ಗಾಳಿಯ ಶಾಖವನ್ನು ಎಳೆದುಕೊಡುವ ಕರೆಂಟಿನ ಯಂತ್ರವಾದ ಹೀಟ್ ಪಂಪಿನ ಲೆಕ್ಕವೆಂದರೆ ಇಲ್ಲಿ ಸ್ನಾನದ ನೀರಿನ ಲೆಕ್ಕವೇ. ಅದನ್ನು ಬಕೆಟ್ಟಿನಿಂದಲೇ ಆರಂಭಿಸಬೇಕು. ನೀರಿನ ಲೀಟರುಗಳನ್ನು ಏರಿಸಬೇಕಾದ ಡಿಗ್ರಿ ಸೆಲ್ಸಿಯಸ್‌ಗಳಿಂದ ಗುಣಿಸಿ 860ರಿಂದ ಭಾಗಿಸಿದರೆ, ಬೇಕಾದ ಶಾಖ ಕರೆಂಟ್ ಬಿಲ್ಲಿನ ಯೂನಿಟ್ಟುಗಳಲ್ಲೇ (ಕಿಲೋವ್ಯಾಟ್-ಗಂಟೆ) ದೊರೆಯುತ್ತದೆ. ನಾಲ್ಕೈದು ಜನರ ಮನೆಗೆ 100 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 2.9 ಯೂನಿಟ್ ಬೇಕು.

ಟ್ಯಾಂಕಿನಿಂದ ಸೋರುವ ಶಾಖವನ್ನೂ ಸೇರಿಸಿದರೆ ಗೀಸರ್ ಇದಕ್ಕೆ ಸುಮಾರು 3.2 ಯೂನಿಟ್ ಕರೆಂಟ್ ಎಳೆಯುತ್ತದೆ. ಹೀಟ್ ಪಂಪ್ ಶಾಖವನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವುದನ್ನು ಎಳೆದು ನೀರಿಗೆ ಸೇರಿಸುತ್ತದೆ. ಆದ್ದರಿಂದ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಕೊಟ್ಟರೂ ಅದೇ ಕೆಲಸ ಸುಮಾರು ಒಂದು ಯೂನಿಟ್ಟಿನಲ್ಲಿ ಮುಗಿಯುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ ಈ ಲಾಭ ಹೆಚ್ಚುವುದರಿಂದ, ಚಳಿಗಾಲದಲ್ಲಿ ನಸುಕಿನ ಬದಲು ಮಧ್ಯಾಹ್ನದ ಬಿಸಿಲಿನ ಹೊತ್ತಿನಲ್ಲಿ ನೀರು ಕಾಯಿಸಿ, ಶಾಖ ಸೋರದ ಟ್ಯಾಂಕಿನಲ್ಲಿ ಇಟ್ಟುಕೊಳ್ಳುವುದು ಲೇಸು.

14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಶಾಖವಿದ್ದು, ಗ್ಯಾಸ್ ಗೀಸರಿನಲ್ಲಿ ಅದರ ಹತ್ತರಲ್ಲಿ ಎಂಟು ಪಾಲು ನೀರಿಗೆ ಸೇರುತ್ತದೆ ಎಂದು ಹಿಡಿಯಬಹುದು. ಸಿಲಿಂಡರಿಗೆ 900 ರೂಪಾಯಿ, ಕರೆಂಟಿಗೆ ಯೂನಿಟ್ಟಿಗೆ 7 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, ಒಂದು ಯೂನಿಟ್ ಶಾಖಕ್ಕೆ ಗ್ಯಾಸಿನಲ್ಲಿ ಸುಮಾರು ಆರೂಕಾಲು ರೂಪಾಯಿ, ಗೀಸರಿನಲ್ಲಿ ಏಳೂವರೆ ದಾಟಿ, ಹೀಟ್ ಪಂಪಿನಲ್ಲಿ ಎರಡೂವರೆಯೊಳಗೆ ಬೀಳುತ್ತದೆ. ಹಂಡೆ ಒಲೆಯಲ್ಲಿ ಶಾಖದ ಬಹುಪಾಲು ಹೊಗೆಯೊಡನೆ ಹೋಗುವುದರಿಂದ ಕೊಂಡು ತಂದ ಕಟ್ಟಿಗೆ ಅಗ್ಗವೆಂಬುದು ಬಹುಮಟ್ಟಿಗೆ ಭ್ರಮೆ. ಸ್ವಂತ ಹೊಲದ ತೊಗರಿ ಕಟ್ಟಿಗೆಯಾದರೆ ಮಾತು ಬೇರೆ.

ಆದರೆ ಈ ಹೋಲಿಕೆಯನ್ನು ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆಯಾದ ಗೃಹಜ್ಯೋತಿ ತಲೆಕೆಳಗು ಮಾಡಬಲ್ಲದು. ಯೋಜನೆಯಲ್ಲಿ ಅರ್ಹ ಮಿತಿ, ಅಂದರೆ ನಿಮ್ಮ ಮನೆಗೆ ಉಚಿತವಾಗಿ ಸಿಗುವ ಯೂನಿಟ್ಟುಗಳ ಲೆಕ್ಕ, ಮೀರಿದ ಯೂನಿಟ್ಟುಗಳಿಗಷ್ಟೇ ಹಣ ಕಟ್ಟಬೇಕು, ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಅರ್ಹ ಮಿತಿ 150 ಇದ್ದು, ಉಳಿದ ಬಳಕೆ 140 ಇರುವ ಮನೆಯನ್ನು ತೆಗೆದುಕೊಳ್ಳಿ. ಗೀಸರ್ ತಿಂಗಳಿಗೆ 96 ಯೂನಿಟ್ ಸೇರಿಸಿ ಲೆಕ್ಕವನ್ನು 236ಕ್ಕೆ ಒಯ್ಯುತ್ತದೆ, ಇಡೀ ಬಿಲ್ ಮೈಮೇಲೆ ಬೀಳುತ್ತದೆ. ಹೀಟ್ ಪಂಪ್ ಆದರೆ 170ಕ್ಕೆ ನಿಂತು ಇಪ್ಪತ್ತು ಯೂನಿಟ್ಟಿನ ಹಣ ಸಾಕಾಗುತ್ತದೆ. ಆದ್ದರಿಂದ ಜೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಅರ್ಹ ಮಿತಿಯನ್ನೂ, ಚಳಿ ತಿಂಗಳುಗಳ ಬಳಕೆಯನ್ನೂ ಮೊದಲು ನೋಡಿಕೊಳ್ಳಿ.

ಈ ಯೋಜನೆಯ ಲಾಭವಿಲ್ಲದ ಮನೆಯಲ್ಲಿ ಗೀಸರಿಗೆ ಹೋಲಿಸಿ ಉಳಿಯುವುದು ತಿಂಗಳಿಗೆ 66 ಯೂನಿಟ್, ಅಂದರೆ 460 ರೂಪಾಯಿ ಆಸುಪಾಸು. ನಮ್ಮಲ್ಲಿ ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕಿನ ನೀರು ತಾನಾಗಿಯೇ ಕಾಯ್ದಿರುತ್ತದಾದ್ದರಿಂದ ಈ ಉಳಿತಾಯ ಹೆಚ್ಚೆಂದರೆ ನಾಲ್ಕು ತಿಂಗಳದ್ದು, ವರ್ಷಕ್ಕೆ ಎರಡು ಸಾವಿರಕ್ಕಿಂತ ಕಡಿಮೆ. ಹೀಟ್ ಪಂಪಿನ ಬೆಲೆ ಗೀಸರಿನ ಹಲವು ಪಟ್ಟು ಇರುವಾಗ ಸಣ್ಣ ಸಂಸಾರಕ್ಕೆ ನಾನು ಇದನ್ನು ಶಿಫಾರಸು ಮಾಡಲಾರೆ. ಮಾಳಿಗೆಯ ಮೇಲೆ ಸುಸ್ಥಿತಿಯ ಸೋಲಾರ್ ಇದ್ದವರಿಗಂತೂ ಬೇಡವೇ ಬೇಡ. ದಿನಕ್ಕೆ ನಾಲ್ಕೈದು ನೂರು ಲೀಟರ್ ಬಿಸಿನೀರು ಬೇಕಾಗುವ ಕೂಡು ಕುಟುಂಬಕ್ಕೂ ಹಾಸ್ಟೆಲ್ಲಿಗೂ ಲೆಕ್ಕ ಬೇರೆಯಾಗುತ್ತದೆ. ಅಂಥವರು ಕೊಳ್ಳುವ ಮುನ್ನ ಬೋರಿನ ನೀರಿನ ಗಡಸುತನವನ್ನು ಪರೀಕ್ಷೆ ಮಾಡಿಸಬೇಕು, ಏಕೆಂದರೆ ಕೊಳವೆಯಲ್ಲಿ ಬಿಳಿ ಪದರ ಕಟ್ಟಿದಂತೆ ಶಾಖ ನೀರಿಗೆ ದಾಟುವುದು ಕುಂದಿ, ಅದೇ ನೀರಿಗೆ ಹೆಚ್ಚು ಕರೆಂಟ್ ಖರ್ಚಾಗುತ್ತದೆ.